ಅಮೋನಿಯಾ ‘ವಿಷಪ್ರಾಶನ’ವೋ, ‘ನಂಜೇರುವುದೋ’? ಜೊತೆಗೆ ‘ಊತಕ’ದ ಪಜೀತಿ

ಗೆಳೆಯರೇ,

ದನ ಯೂರಿಯಾ ತಿಂದರೆ ಏನಾಗುತ್ತದೆ ಅನ್ನುವುದರ ಬಗ್ಗೆ ಹಾಲು ಕರೆಯುವವರಿಗಾಗಿ ಒಂದು ಚಿಕ್ಕ ಕೈಹೊತ್ತಿಗೆ ಬರೆಯುತ್ತಿದ್ದೇನೆ. ಎರಡು ಮೂರು ಪದಗಳ ಹತ್ತಿರ ಗಾಡಿ ನಿಂತುಬಿಟ್ಟಿದೆ.

ಮೊದಲ ಕರಡಿನಲ್ಲಿ ‘ಅಮೋನಿಯಾ ವಿಷಪ್ರಾಶನ’ ಅಂತ ಬರೆದಿದ್ದೆ. ಪ್ರಾಶನ ಅಂದರೆ ಉಣ್ಣುವುದು, ಉಣಿಸುವುದು. ಅನ್ನಪ್ರಾಶನ ಇದೆಯಲ್ಲ, ಹಾಗೆ. ವಿಷಪ್ರಾಶನ ಅಂದ ಕೂಡಲೇ ಯಾರೋ ಆಗದವರು ವಿಷ ಹಾಕಿದರು ಅನ್ನುವ ಹಾಗೆ ಕೇಳಿಸುತ್ತದೆ. ಇಲ್ಲಿ ದನ ಅಮೋನಿಯಾ ತಿಂದೇ ಇಲ್ಲ! ಗೊಬ್ಬರದ ಚೀಲ ನೆಕ್ಕಿರುತ್ತದೆ, ಇಲ್ಲವೇ ಚೀಲ ತೊಳೆದ ನೀರು ಕುಡಿದಿರುತ್ತದೆ. ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಆ ಯೂರಿಯಾ ಒಡೆದು ಅಮೋನಿಯಾ ಮಾಡುತ್ತವೆ. ಸ್ವಲ್ಪ ಸ್ವಲ್ಪವಾಗಿ ಬಂದರೆ ಅವೇ ಅದನ್ನು ಪ್ರೋಟೀನ್ ಮಾಡಿಕೊಳ್ಳುತ್ತವೆ. 100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾ ಕರಗಿಸಿದ ನೀರು ಚಿಮುಕಿಸಿ, ಮೂರು ವಾರ ಮುಚ್ಚಿಟ್ಟು ಹಾಕುವುದುಂಟಲ್ಲ, ಅದು ದನಕ್ಕೆ ಒಗ್ಗುವುದು ಹೀಗೆ. ಒಮ್ಮೆಲೇ ಜಾಸ್ತಿಯಾದರೆ ಮಾತ್ರ ಅಮೋನಿಯಾ ನೇರ ರಕ್ತಕ್ಕೆ ಸೇರುತ್ತದೆ. ಅದನ್ನು ಮತ್ತೆ ಯೂರಿಯಾ ಮಾಡಿ ಗಂಜಲಕ್ಕೆ ಸಾಗಹಾಕುವುದು ಈಲಿಯ (ಲಿವರಿನ) ಕೆಲಸ. ಈಲಿಯ ಕೈಲೂ ಆಗದಷ್ಟಾದಾಗ ಮಿದುಳಿಗೆ ಏಟು. ಅರ್ಧ ಗಂಟೆ, ಒಂದು ಗಂಟೆಯೊಳಗೆ ಮೈ ನಡುಕ, ಬಾಯಲ್ಲಿ ನೊರೆ, ಹಲ್ಲು ಕಡಿತ, ಹೊಟ್ಟೆಯುಬ್ಬರ, ತೂರಾಟ.

ಅಂದರೆ ಈ ವಿಷ ಒಳಗೇ ಹುಟ್ಟಿ ಏರಿದ್ದು. ಅದಕ್ಕೇ ‘ನಂಜೇರುವುದು’ ಸರಿ ಅನ್ನಿಸಿತು. ಗಾಯ ನಂಜಾಯಿತು ಅನ್ನುವಾಗಲೂ ಒಳಗಿಂದ ಬಂದದ್ದು ಅನ್ನುವ ಅರ್ಥವೇ ಅಲ್ವಾ? ಆದರೆ ನಂಜುಂಡೇಶ್ವರ ಉಂಡ ನಂಜು ಹೊರಗಿನದು. ಸಾಲದ್ದಕ್ಕೆ ಬದನೆಕಾಯಿಯೂ ನಂಜು! ಹೀಗಾಗಿ ಇನ್ನೂ ಧೈರ್ಯ ಬಂದಿಲ್ಲ.

ಎರಡನೆಯದು ‘ಊತಕ’, ಅಂದರೆ ಒಂದೇ ಬಗೆಯ ಜೀವಕೋಶಗಳು ಸೇರಿ ಆದದ್ದು, ಇಂಗ್ಲಿಷಿನಲ್ಲಿ ಟಿಶ್ಯೂ. ‘ಅಂಗ ಮತ್ತು ಊತಕಗಳ ಮೇಲೆ ಅಮೋನಿಯಾ ಪರಿಣಾಮ’ ಅಂತ ತಲೆಬರಹ ಕೊಟ್ಟಿದ್ದೆ. ಎಮ್ಮೆ ಸಾಕಿರುವ ನಮ್ಮ ಚಿಕ್ಕಪ್ಪ ಓದಿ, “ಎಲ್ಲೆಲ್ಲಿ ಊದಿಕೊಳ್ತದೆ ಅಂತ ಬರ್ದೇ ಇಲ್ವಲ್ಲೋ” ಅಂದರು. ಸಂಸ್ಕೃತದಲ್ಲಿ ಊತ ಅಂದರೆ ನೇಯ್ದದ್ದು. ಇಂಗ್ಲಿಷಿನ ಟಿಶ್ಯೂ ಕೂಡ ನೇಯ್ಗೆಯಿಂದಲೇ ಬಂದದ್ದು. ಪದ ಕಟ್ಟಿದವರ ಲೆಕ್ಕ ಸರಿಯಾಗೇ ಇದೆ, ಆದರೆ ಕನ್ನಡದ ಕಿವಿಗೆ ಊತ ಅಂದರೆ ಬಾವು. ‘ಅಂಗಾಂಶ’ ಪಠ್ಯಪುಸ್ತಕದಲ್ಲಿ ಓದಿದವರಿಗೆ ಗೊತ್ತು, ಚಿಕ್ಕಪ್ಪನಿಗೆ ಅದೂ ಅಷ್ಟಕ್ಕಷ್ಟೇ.

ಕೊನೆಗೆ ಎರಡನ್ನೂ ಬಿಟ್ಟು, ಸತ್ತ ದನವನ್ನು ಕೊಯ್ದಾಗ ಕಣ್ಣಿಗೆ ಕಾಣುವುದನ್ನೇ ಬರೆದೆ. ಶ್ವಾಸಕೋಶದಲ್ಲಿ ನೀರು ತುಂಬಿರಬಹುದು. ಗುಂಡಿಗೆಯ ಮೇಲೆ ಸಣ್ಣ ಸಣ್ಣ ರಕ್ತದ ಚುಕ್ಕೆಗಳಿರಬಹುದು. ಹೊಟ್ಟೆ ಬಿಚ್ಚಿದರೆ ಮೂಗಿಗೆ ರಪ್ಪನೆ ಹೊಡೆಯುವ ಗಂಜಲದ ಘಾಟು. ಸಾವು ಬೇಗ ಬರುವುದರಿಂದ ಅಂಗಗಳಲ್ಲಿ ಇದೇ ಅನ್ನುವಂಥ ಗುರುತು ಉಳಿಯುವುದು ಕಡಿಮೆ. ‘ಅಂಗಹಾನಿ’ ಅನ್ನುವ ದೊಡ್ಡ ಮಾತು ಅದಕ್ಕೇ ಬೇಡ ಅನ್ನಿಸಿತು.

ಇಲ್ಲೊಂದು ಸಿಕ್ಕು. ಶ್ವಾಸಕೋಶದ ನಾಳಗಳಲ್ಲಿ ರಕ್ತ ಜಾಸ್ತಿ ತುಂಬಿ ನಿಂತಿರುತ್ತದೆ. ‘ರಕ್ತ ಕಟ್ಟಿದೆ’ ಅಂದರೆ ಹೆಪ್ಪುಗಟ್ಟಿದೆ ಅಂದುಕೊಳ್ಳುತ್ತಾರೆ. ‘ರಕ್ತಾಧಿಕ್ಯ’ ಅಂದರೆ ಬಿಪಿ ಅಂದುಕೊಳ್ಳುತ್ತಾರೆ. ಸದ್ಯಕ್ಕೆ ‘ರಕ್ತ ತುಂಬಿ ಕಡುಗೆಂಪಾಗಿರುತ್ತದೆ’ ಅಂತ ಉದ್ದಕ್ಕೆ ಎಳೆದಿದ್ದೇನೆ.

ಅಂದಹಾಗೆ, ಇದಕ್ಕೆ ಡಾಕ್ಟರು ಕುಡಿಸುವುದು ತಣ್ಣೀರು ಮತ್ತು ವಿನೆಗರ್. ಹುಳಿ ಸೇರಿದರೆ ಅಮೋನಿಯಾ ರಕ್ತಕ್ಕೆ ಇಳಿಯುವುದು ನಿಧಾನವಾಗುತ್ತದೆ. ವಿನೆಗರ್‌ಗೆ ‘ಹುಳಿರಸ’ ಅಂತ ಬರೆದಿದ್ದೆ. ಹುಣಸೆಹಣ್ಣು ಕಿವುಚಿಯಾರು ಅಂತ ಹೆದರಿ ಹೊಡೆದುಹಾಕಿದೆ.

ನಿಮ್ಮ ಕಡೆ ದನ ಗೊಬ್ಬರ ತಿಂದು ಹೀಗೆ ನಡುಗಿ ಬಿದ್ದರೆ ಏನೆನ್ನುತ್ತಾರೆ? ಉತ್ತರ ಕರ್ನಾಟಕದವರು, ಕರಾವಳಿಯವರು ದಯವಿಟ್ಟು ತಿಳಿಸಿ. ರಕ್ತ ತುಂಬಿ ನಿಲ್ಲುವುದಕ್ಕೆ ಒಂದೇ ಪದ ಗೊತ್ತಿದ್ದರೆ ಅದನ್ನೂ.