‘60ಕ್ಕೆ ಸಮಾನ’ ಅಂದರೆ ಯಾವುದಕ್ಕೆ ಸಮಾನ? ಎಲ್‌ಇಡಿ ಡಬ್ಬಿಯ ಮಾತುಗಳು

ಬಳಗದವರಿಗೆ ನಮಸ್ಕಾರ.

ಶಿರಸಿಯಲ್ಲಿ ನಮ್ಮ ನೆಂಟರೊಬ್ಬರ ಎಲೆಕ್ಟ್ರಿಕ್ ಅಂಗಡಿ ಇದೆ. ಮನೆಯ ಲೈಟಿಗೆ ಎಂಥ ಎಲ್‌ಇಡಿ ಬಲ್ಬು ಹಾಕಬೇಕು ಅಂತ ತಿಳಿಸುವ ಒಂದು ಹಾಳೆ ಬರೆದುಕೊಡು, ಗೋಡೆಗೆ ಅಂಟಿಸ್ತೇನೆ ಅಂದರು. ವಿಷಯ ಗೊತ್ತಿದೆ. ಪದಗಳ ಹತ್ತಿರ ಬಂದಾಗ ಕೈ ನಿಂತಿತು.

ಮೊದಲ ತೊಡಕು ‘ಸಮಾನ’ದ್ದು. ಲೈಟಿನ ಹೋಲ್ಡರ್ ಹತ್ತಿರ ‘ಗರಿಷ್ಠ 40 ವ್ಯಾಟ್’ ಅಂತ ಚೀಟಿ ಇರುತ್ತದೆ. ಬಲ್ಬಿನ ಡಬ್ಬಿಯ ಮೇಲೆ ‘9 ವ್ಯಾಟ್, 60 ವ್ಯಾಟ್‌ಗೆ ಸಮಾನ’ ಅಂತ ಇರುತ್ತದೆ. ಹಾಗಾದರೆ ಇದನ್ನು ಹಾಕಬಾರದಲ್ವಾ ಅಂತ ಗಿರಾಕಿ ವಾಪಸ್ ಇಡುತ್ತಾರೆ. ಅವರದು ತಪ್ಪಲ್ಲ. ನಮ್ಮ ಮಾತಿನಲ್ಲಿ ವ್ಯಾಟ್ ಅಂದರೆ ಬೆಳಕೇ: ‘60ರ ಬಲ್ಬು ಕೊಡಿ’, ‘ಬಚ್ಚಲಿಗೆ 40ರದ್ದು ಸಾಕು’. ನಿಜದಲ್ಲಿ ಅದು ಬಲ್ಬು ಎಳೆಯುವ ಕರೆಂಟಿನ ಲೆಕ್ಕ, ಬೆಳಕಿನ ಲೆಕ್ಕ ಲೂಮೆನ್. ಹಳೇ 60ರ ಬಲ್ಬು ಕೊಡುತ್ತಿದ್ದ 700-800 ಲೂಮೆನ್ ಬೆಳಕನ್ನು 8-9 ವ್ಯಾಟಿನ ಎಲ್‌ಇಡಿ ಕೊಡುತ್ತದೆ. ಚೀಟಿಯ 40ರ ಜೊತೆ ಹೋಲಿಸಬೇಕಾದ್ದು 9 ಮಾತ್ರ. ಆದ್ದರಿಂದ ‘ಸಮಾನ’ ಬಿಟ್ಟು ‘ಹಳೇ 60ರ ಬಲ್ಬಿನಷ್ಟು ಬೆಳಕು’ ಅಂತ ಬರೆದಿದ್ದೇನೆ. ಉದ್ದವಾಯಿತು, ಆದರೆ ಯಾರೂ ಅಪಾರ್ಥ ಮಾಡಿಕೊಳ್ಳಲಾರರು. (ಝೀರೋ ಬಲ್ಬು ಅಂತ ಕರೆದು ರಾತ್ರಿಯಿಡೀ ಉರಿಸುತ್ತಿದ್ದೆವಲ್ಲ, ಅದು ಎಳೆಯುತ್ತಿದ್ದದ್ದು ಸುಮಾರು 15 ವ್ಯಾಟ್! ವ್ಯಾಟಿನ ವಿಷಯದಲ್ಲಿ ನಮ್ಮ ಭಾಷೆ ಮೊದಲಿಂದಲೂ ಸ್ವಲ್ಪ ಉದಾರ.)

‘ಗರಿಷ್ಠ’ವೂ ಪೂರ್ತಿ ಕೆಲಸಕ್ಕೆ ಬರುತ್ತಿಲ್ಲ. ಹಳೇ ತಂತಿ ಬಲ್ಬಿನ ಕಾಲದಲ್ಲಿ ಈ ಮಿತಿ ಇದ್ದದ್ದು ಹೋಲ್ಡರು, ವಯರು, ಶೇಡು ಸುಡಬಾರದು ಅಂತ. ಬಲ್ಬಿಗೇನೂ ಆಗುತ್ತಿರಲಿಲ್ಲ, ಬಿಸಿಯಲ್ಲೇ ಅದರ ಬಾಳು. ಎಲ್‌ಇಡಿಯಲ್ಲಿ ತಿರುಗುಮುರುಗು. ಹೋಲ್ಡರಿಗೆ ತೊಂದರೆಯಾಗುವಷ್ಟು ಬಿಸಿ ಸಾಮಾನ್ಯವಾಗಿ ಇರುವುದಿಲ್ಲ, ಬಲ್ಬೇ ಬೇಯುತ್ತದೆ. ಬುಡದೊಳಗೆ ಎಲ್‌ಇಡಿಗೆ ಬೇಕಾದ ಹಾಗೆ ಕರೆಂಟನ್ನು ಹದಮಾಡುವ ಸರ್ಕಿಟ್ ಇರುತ್ತದೆ, ಅದೇ ಡ್ರೈವರ್. ಅದರಲ್ಲಿರುವ ಕೆಪಾಸಿಟರ್ ಅನ್ನೋ ಬಿಡಿಭಾಗ ಬಿಸಿಗೆ ಬೇಗ ಒಣಗುತ್ತದೆ. ಜಗಲಿಯ ಗಾಜಿನ ಗುಂಡಿನೊಳಗೆ, ಗಾಳಿ ಆಡದ ಕಡೆ ಹಾಕಿದರೆ 9 ವ್ಯಾಟಿನದೂ ಬೇಗ ಹೋಗಬಹುದು, ಚೀಟಿಯಲ್ಲಿ 60 ಅಂತಿದ್ದರೂ. ಅಂಥ ಲೈಟಿಗೆ ಹಾಕಬಹುದು ಅಂತ ಡಬ್ಬಿಯ ಮೇಲೆ ಬರೆದಿರುವ ಬಲ್ಬೇ ಬೇಕು. ಈ ಬಗೆಯ ಲೈಟಿಗೆ ನೀವು ಏನನ್ನುತ್ತೀರಿ? ‘ಮುಚ್ಚಿದ ಲೈಟು’ ಅಂದರೆ ಆರಿಸಿದ ಲೈಟು ಅಂದುಕೊಂಡಾರು ಅಂತ ಅಳುಕು. ‘ಗಾಳಿಯಾಡದ ಗುಂಡು’ ಅಂತ ಬರೆದುನೋಡಿದೆ. ನೆಂಟರು ನಕ್ಕರು.

ಡಬ್ಬಿಯ ಮೇಲಿನ ‘ಕೂಲ್ ಡೇಲೈಟ್’ ಅನ್ನು ‘ತಂಪು ಬೆಳಕು’ ಅಂತ ಮಾಡುವುದಂತೂ ಬೇಡ. ಬಲ್ಬು ಬಿಸಿಯಾಗುವುದಿಲ್ಲ ಅಂತ ಓದಿಕೊಳ್ಳುತ್ತಾರೆ. ಅದು 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ), ನೀಲಿ ಕಡೆ ವಾಲಿದ ಬಿಳಿ. 2700 ಅಥವಾ 3000 ಅಂದರೆ ಹಳೇ ಬಲ್ಬಿನ ಹಳದಿ. ಬಿಸಿಗೂ ಇದಕ್ಕೂ ಸಂಬಂಧವಿಲ್ಲ. ‘ಬಿಳಿ ಲೈಟು’, ‘ಹಳದಿ ಲೈಟು’ ಅಂತ ಜನ ಕೇಳುವ ಹಾಗೇ ಬರೆದು ಪಕ್ಕಕ್ಕೆ ಸಂಖ್ಯೆ ಹಾಕಿದರೆ ಸಾಕು ಅನಿಸುತ್ತದೆ.

ಡಿಮ್ಮರ್ (ಬೆಳಕು ಹೆಚ್ಚುಕಮ್ಮಿ ಮಾಡುವ ಸ್ವಿಚ್ಚು), ಬಿಐಎಸ್ ಅನ್ನೋ ಸರ್ಕಾರಿ ಗುಣಮಟ್ಟದ ಗುರುತು, ಅದರ ಜೊತೆಗಿನ ‘ಆರ್’ ಅಂತ ಶುರುವಾಗುವ ನೋಂದಣಿ ಸಂಖ್ಯೆ, ಇವಕ್ಕೆಲ್ಲ ಪದ ಹುಡುಕುವ ಗೋಜಿಗೆ ಹೋಗಿಲ್ಲ. ಡಬ್ಬಿಯ ಮೇಲೆ ನೋಡಿ ಗುರುತು ಹಿಡಿಯುವಂತಿದ್ದರೆ ಆಯಿತು.

ಕೊನೆಗೆ ಬಲ್ಬಿನ ಬುಡದ ವಿಷಯ. ಡಬ್ಬಿಯ ಮೇಲೆ ಬಿ22, ಇ27 ಅಂತ ಇರುವುದು ಬುಡದ ಬಗೆ. ಬಿ22ಕ್ಕೆ ಎಲ್ಲರೂ ‘ಪಿನ್ನಿನ ಬಲ್ಬು’ ಅನ್ನುತ್ತಾರೆ. ಇ27ಕ್ಕೆ ನೆಂಟರ ಅಂಗಡಿಯಲ್ಲಿ ‘ಸ್ಕ್ರೂ ಬಲ್ಬು’ ಅಂತಲೂ ‘ತಿರುಗಿಸೋ ಬಲ್ಬು’ ಅಂತಲೂ ಕೇಳುತ್ತಾರೆ. ಪಿನ್ನಿನದನ್ನೂ ಒತ್ತಿ ತಿರುಗಿಸಿಯೇ ಹಾಕುವುದರಿಂದ ಎರಡನೆಯದು ಗೊಂದಲ. ಇಲ್ಲಿ ಒಂದು ಎಚ್ಚರಿಕೆಯನ್ನೂ ಬರೆಯಬೇಕು: ಸ್ಕ್ರೂ ಹೋಲ್ಡರಿನಲ್ಲಿ ಫೇಸ್ ವಯರು (ಮುಟ್ಟಿದರೆ ಶಾಕ್ ಹೊಡೆಯುವುದು) ತಳದ ನಡುವಿನ ಬಿಂದುವಿಗೆ ಹೋಗಬೇಕು, ಸುತ್ತಿನ ಸುರುಳಿ ತಗಡಿಗೆ ನ್ಯೂಟ್ರಲ್. ಅದಲುಬದಲಾಗಿದ್ದರೆ ಬಲ್ಬು ತಿರುಗಿಸುವಾಗ ಬೆರಳಿಗೆ ಶಾಕ್ ಹೊಡೆಯಬಹುದು. ಮೇನ್ ಸ್ವಿಚ್ ಆಫ್ ಮಾಡಿಯೇ ಬದಲಿಸಿ ಅಂತ ಹಾಕಿದ್ದೇನೆ. ಆದರೆ ಆ ‘ಸುರುಳಿ ತಗಡು’ ಸರಿಹೋಗಿಲ್ಲ. ಕಾರವಾರ, ಕುಮಟಾ ಕಡೆಯ ವಯರಿಂಗ್ ಕೆಲಸದವರು ಅದಕ್ಕೆ ಏನನ್ನುತ್ತಾರೆ? ಗೊತ್ತಿದ್ದವರು ದಯವಿಟ್ಟು ಬರೆಯಿರಿ, ಹಾಳೆ ಇನ್ನೂ ಅಚ್ಚಿಗೆ ಹೋಗಿಲ್ಲ.