ವೃಷಭಾವತಿಯ ಪುನಶ್ಚೇತನ: ಮನವಿಯಲ್ಲಿ ಯಾವ ಬೇಡಿಕೆ ಮೊದಲು ಬರಬೇಕು?

ಪ್ರಶ್ನೆ – ಮೈಸೂರು ರಸ್ತೆ ನಿವಾಸಿ

ನಮ್ಮ ಬಡಾವಣೆ ಬೆಂಗಳೂರಿನ ಮೈಸೂರು ರಸ್ತೆಯ ಬದಿಯಲ್ಲಿ, ಇಂದು ಕೊಳಚೆ ಕಾಲುವೆಯಂತಾಗಿರುವ ವೃಷಭಾವತಿ ನದಿಯ ಕಣಿವೆಗಿಂತ ತುಸು ಎತ್ತರದಲ್ಲಿದೆ. ನದಿಯ ಪುನಶ್ಚೇತನ ಕೋರಿ ನಿವಾಸಿಗಳ ಸಂಘವು ಸರ್ಕಾರಕ್ಕೆ ಮನವಿ ಸಲ್ಲಿಸಲು ನಿರ್ಧರಿಸಿದ್ದು, ಅದರ ಕರಡು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ದಡದ ಒತ್ತುವರಿ ತೆರವು, ತಡೆಗೋಡೆ, ಎರಡೂ ಬದಿಯಲ್ಲಿ ನಡಿಗೆ ಪಥ, ಗಿಡಮರ, ಕೊಳಚೆ ನೀರನ್ನು ಬೇರ್ಪಡಿಸುವುದು – ಸದ್ಯ ಬೇಡಿಕೆಗಳು ಈ ಕ್ರಮದಲ್ಲಿವೆ.

ಸಭೆಗೆ ಬಂದವರೆಲ್ಲರೂ ಮೇಲಿನ ಅಡ್ಡರಸ್ತೆಗಳವರು. ಕಾಲುವೆಯ ಗೋಡೆಗೆ ಒತ್ತಿಕೊಂಡಂತಿರುವ ಶೀಟಿನ ಮನೆಗಳಿಂದ ಒಬ್ಬರೂ ಬರಲಿಲ್ಲ. ಕರೆಯಲು ಹೋದಾಗ ಹಿರಿಯ ಹೆಂಗಸೊಬ್ಬರು, "ನದಿ ಬಂದ್ರೆ ನಾವು ಹೋಗ್ಬೇಕಲ್ಲಪ್ಪ" ಎಂದಷ್ಟೇ ಹೇಳಿ ಬಟ್ಟೆ ಹಿಂಡುವುದನ್ನು ಮುಂದುವರಿಸಿದರು. ಅದಾದ ಮೇಲೆ ಕರಡಿನ ಮೊದಲ ಸಾಲನ್ನು ಬರೆಯಲು ಕೈ ಬರುತ್ತಿಲ್ಲ.

ನನ್ನ ಪ್ರಶ್ನೆಗಳು ಎರಡು. ಬೇರೆ ಊರುಗಳಲ್ಲಿ ನದಿಯನ್ನು ಸರಿಪಡಿಸಿದಾಗ ದಡದಲ್ಲಿದ್ದ ಜನರಿಗೆ ಏನಾಯಿತು? ನಮ್ಮ ಮನವಿಯಲ್ಲಿ ಯಾವುದನ್ನು ಮೊದಲು ಕೇಳಿದರೆ ಅದು ಮೇಲಿನ ಬೀದಿಗಳವರ ಮನವಿ ಮಾತ್ರವಾಗದೆ ಕಣಿವೆಯದ್ದೂ ಆದೀತು?

ಉತ್ತರ – ನಗರ ಯೋಜನೆಯ ಅಧ್ಯಾಪಕ

ನಿಮ್ಮ ಮೊದಲ ಪ್ರಶ್ನೆಗೆ ಉತ್ತರಿಸುವೆ. ಅಹಮದಾಬಾದಿನ ಸಾಬರಮತಿ ರಿವರ್‌ಫ್ರಂಟನ್ನು, ಅಂದರೆ ನದಿದಡ ಅಭಿವೃದ್ಧಿ ಯೋಜನೆಯನ್ನು, ನಮ್ಮ ರಾಜಕಾರಣಿಗಳು ಪದೇ ಪದೇ ಮಾದರಿಯಾಗಿ ತೋರಿಸುತ್ತಾರೆ. ಅಲ್ಲಿನ ದಡದಿಂದ ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳು ತೆರಳಬೇಕಾಯಿತು. 2005ರಲ್ಲಿ ನಿವಾಸಿಗಳು ಗುಜರಾತ್ ಹೈಕೋರ್ಟಿನ ಮೊರೆ ಹೋದದ್ದರಿಂದ ಪುನರ್ವಸತಿಯ ಮಾತು ಗಟ್ಟಿಯಾಯಿತಾದರೂ, ಅನೇಕರಿಗೆ ದೊರೆತ ಮನೆಗಳು ವಟ್ವದಂತಹ ಊರ ಅಂಚಿನ ಪ್ರದೇಶಗಳಲ್ಲಿದ್ದವು. ಮನೆಗೆಲಸ, ಕೂಲಿ, ತಳ್ಳುಗಾಡಿಯ ವ್ಯಾಪಾರಗಳೆಲ್ಲ ಊರ ನಡುವೆಯೇ ಉಳಿದವು. ಅದೇ ದಡದಲ್ಲಿ ವಾರಕ್ಕೊಮ್ಮೆ ಸೇರುತ್ತಿದ್ದ ಗುಜರಿ ಬಜಾರಿನ ವ್ಯಾಪಾರಿಗಳಿಗೆ ಹಳೆಯದೊಂದು ಸಂಘವಿತ್ತು, ಅವರು ಪ್ರತ್ಯೇಕವಾಗಿ ನ್ಯಾಯಾಲಯಕ್ಕೆ ಹೋದರು, ಹೊಸ ದಡದಲ್ಲೇ ಜಾಗ ಪಡೆದರು. ಒಂದೇ ನದಿ, ಒಂದೇ ಯೋಜನೆ. ಆದರೆ ಸಂಘಟನೆ ಇದ್ದವರಿಗೊಂದು ಫಲ, ಇಲ್ಲದವರಿಗೊಂದು ಫಲ. ಇನ್ನು ಅಲ್ಲಿ ತುಂಬಿ ನಿಂತಿರುವ ನೀರು ನರ್ಮದಾ ಕಾಲುವೆಯದು ಎಂಬುದನ್ನು ಚಿತ್ರ ತೋರಿಸುವವರು ಹೇಳುವುದಿಲ್ಲ.

ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ 2003ರಿಂದ 2005ರ ನಡುವೆ ಮೇಲ್ಸೇತುವೆಯೊಂದನ್ನು ಕೆಡವಿ ಚಿಯಾಂಗ್ಯೆಚಿಯಾನ್ ಹೊಳೆಯ 5.8 ಕಿಲೋಮೀಟರ್ ಭಾಗವನ್ನು ಮತ್ತೆ ತೆರೆದರು. ಅಲ್ಲಿಯೂ ಹರಿಯುವ ನೀರಿನ ಬಹುಪಾಲು ಹಾನ್ ನದಿಯಿಂದ ಪಂಪು ಮಾಡಿದ್ದು. ಬೀದಿ ವ್ಯಾಪಾರಿಗಳನ್ನು ಹಳೆಯ ಕ್ರೀಡಾಂಗಣವೊಂದಕ್ಕೆ ಕಳಿಸಿ, ಕೆಲವೇ ವರ್ಷಗಳಲ್ಲಿ ಆ ಕ್ರೀಡಾಂಗಣವನ್ನೂ ಕೆಡವಿ, ಅವರನ್ನು ಮತ್ತೊಮ್ಮೆ ಎಬ್ಬಿಸಲಾಯಿತು. ಯೋಜನೆಯನ್ನು ಮುನ್ನಡೆಸಿದ ಮೇಯರ್ ಲೀ ಮ್ಯುಂಗ್ ಬಾಕ್ 2007ರ ಚುನಾವಣೆಯಲ್ಲಿ ಗೆದ್ದು ದೇಶದ ಅಧ್ಯಕ್ಷರಾದರು. ನದಿ ಯೋಜನೆಗಳನ್ನು ಒಂದು ಅಧಿಕಾರಾವಧಿಯೊಳಗೆ ಮುಗಿಸುವ ಆತುರ ಎಲ್ಲಿಂದ ಹುಟ್ಟುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಭಿನ್ನವಾದ ಉದಾಹರಣೆಯೆಂದರೆ ರಾಜಸ್ಥಾನದ ಅರ್ವರಿ. ಹಳ್ಳಿಗರು ಜೋಹಡ್‌ಗಳನ್ನು, ಅಂದರೆ ಮಳೆನೀರು ಹಿಡಿದಿಡುವ ಮಣ್ಣಿನ ಕಟ್ಟೆಗಳನ್ನು, ಕಟ್ಟಿಕೊಂಡು ನದಿಗೆ ನೀರು ಬರಿಸಿದ ಮೇಲೆ ಸರ್ಕಾರವು 1996ರಲ್ಲಿ ಮೀನು ಹಿಡಿಯುವ ಗುತ್ತಿಗೆಯನ್ನು ಹೊರಗಿನವರಿಗೆ ಕೊಟ್ಟಿತು. ನದಿ ಬತ್ತಿದ್ದಾಗ ಯಾರದ್ದೂ ಆಗಿರಲಿಲ್ಲ, ಹರಿದೊಡನೆ ಸರ್ಕಾರದ್ದಾಯಿತು. ಆ ಜಗಳದ ಬೆನ್ನಲ್ಲೇ ಸುಮಾರು 70 ಹಳ್ಳಿಗಳ ಅರ್ವರಿ ಸಂಸತ್ತು ರೂಪುಗೊಂಡು, ಯಾವ ಬೆಳೆ, ಎಷ್ಟು ನೀರು ಎಂಬ ನಿಯಮಗಳನ್ನು ತಾವೇ ಮಾಡಿಕೊಂಡಿತು. ನಗರದ ಕಾಲುವೆಗೆ ಇದನ್ನು ಹಾಗೆಯೇ ತರಲಾಗದು. ಆದರೆ ನಿಮ್ಮ ಸಭೆಯಲ್ಲಿ ಯಾರು ಕುಳಿತಿರಬೇಕೆಂದು ನಿಶ್ಚಯಿಸುವಾಗ ಅದನ್ನು ನೆನೆಯಬಹುದು.

ಉತ್ತರ – ನಿವೃತ್ತ ಭೂಮಾಪಕ

ನೀವು ಒತ್ತುವರಿ ತೆರವನ್ನು ಮೊದಲ ಬೇಡಿಕೆಯಾಗಿ ಇಟ್ಟಿದ್ದೀರಿ. ಒತ್ತುವರಿ ಎಂದು ಯಾವ ಗೆರೆಯಿಂದ ಅಳೆಯುತ್ತೀರಿ ಎಂಬುದನ್ನು ಮೊದಲು ತಿಳಿಯಿರಿ.

ಹಳೆಯ ಗ್ರಾಮ ನಕ್ಷೆಯಲ್ಲಿ ಹಳ್ಳವನ್ನು ಜೋಡಿಗೆರೆಯಾಗಿ ತೋರಿಸಿರುತ್ತದೆ. ಅದರ ಪಾತ್ರ ಬಿ ಖರಾಬು, ಅಂದರೆ ಸಾರ್ವಜನಿಕ ಸ್ವತ್ತು. 33 ಅಡಿಯ ಸರಪಳಿಯಲ್ಲಿ ಅಳೆದು ಬರೆದ ಆ ನಕ್ಷೆಯನ್ನು ಇಂದಿನ ಉಪಗ್ರಹ ಚಿತ್ರದ ಮೇಲಿಟ್ಟರೆ ಹಳ್ಳವು ಕೆಲವೆಡೆ ಮನೆಯ ಅಡುಗೆಕೋಣೆಯೊಳಗೆ, ಕೆಲವೆಡೆ ರಸ್ತೆಯ ನಡುವೆ ಹಾದುಹೋಗುತ್ತದೆ. ಎಷ್ಟೋ ಕಡೆ ಪಾತ್ರವನ್ನು ತಿರುಗಿಸಿದವರು ಬಡಾವಣೆ ಮಾಡಿದವರೇ ಹೊರತು ಅಲ್ಲಿ ವಾಸಿಸುವವರಲ್ಲ. ಸೈಟು ಕೊಂಡವರ ಕೈಯಲ್ಲಿ ನೋಂದಣಿಯಾದ ಕ್ರಯಪತ್ರವಿದೆ, ಖಾತೆಯಿದೆ, ತೆರಿಗೆ ರಸೀದಿಯಿದೆ. 2016ರ ಆಗಸ್ಟ್‌ನಲ್ಲಿ ರಾಜಕಾಲುವೆಗಳ, ಅಂದರೆ ಮಳೆನೀರಿನ ದೊಡ್ಡ ಕಾಲುವೆಗಳ, ಒತ್ತುವರಿ ತೆರವು ನಡೆದಾಗ ಜನರು ಮಂಜೂರಾದ ನಕ್ಷೆಗಳನ್ನು ಹಿಡಿದು ಜೆಸಿಬಿಯ ಮುಂದೆ ನಿಂತದ್ದನ್ನು ಇಡೀ ಊರು ಟಿವಿಯಲ್ಲಿ ನೋಡಿತು. ಮಂಜೂರು ಮಾಡಿದ ಕೈಗಳು ಚಿತ್ರದಲ್ಲಿ ಎಲ್ಲಿಯೂ ಇರಲಿಲ್ಲ.

ಕೆರೆ, ಕಾಲುವೆಗಳ ಅಂಚಿನಲ್ಲಿ ಕಟ್ಟಡ ಕಟ್ಟಬಾರದ ಮೀಸಲು ವಲಯದ ಕಥೆ ಇನ್ನೂ ಜಟಿಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರ ಮೇ ತಿಂಗಳಲ್ಲಿ ಕೆರೆಗಳಿಗೆ 75 ಮೀಟರ್, ಪ್ರಾಥಮಿಕ, ದ್ವಿತೀಯ, ತೃತೀಯ ಕಾಲುವೆಗಳಿಗೆ ಕ್ರಮವಾಗಿ 50, 35, 25 ಮೀಟರ್ ಎಂದು ನಿಗದಿಪಡಿಸಿತು. ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ಅದನ್ನು ಬದಿಗಿಟ್ಟ ಕಾರಣ, ನಗರದ ಮಾಸ್ಟರ್ ಪ್ಲಾನಿನಂತೆ ಕೆರೆಗಳಿಗೆ 30 ಮೀಟರ್ ಮತ್ತು ಕಾಲುವೆಗಳಿಗೆ ಕ್ರಮವಾಗಿ 50, 25, 15 ಮೀಟರ್‌ಗಳೇ ಮತ್ತೆ ಊರ್ಜಿತವಾದವು. ಮೂರು ವರ್ಷಗಳ ಅಂತರದಲ್ಲಿ ಒಂದೇ ಮನೆ ನಿಷಿದ್ಧ ವಲಯದೊಳಗೆ ಹೋಗಿ ಹೊರಬಂದಿದೆ. ಮನೆ ಮಾತ್ರ ಇದ್ದಲ್ಲೇ ಇದೆ. ಗೆರೆ ಹೀಗೆ ಸರಿಯುವಾಗ ವಕೀಲರನ್ನಿಟ್ಟುಕೊಳ್ಳಬಲ್ಲವನು ತಡೆಯಾಜ್ಞೆ ತರುತ್ತಾನೆ, ಶೀಟಿನ ಮನೆಯವನು ಸಾಮಾನು ಕಟ್ಟುತ್ತಾನೆ.

ಉತ್ತರ – ಮಹದೇವಪುರದಿಂದ

ಕ್ಷಮಿಸಿ, ನನಗೆ ಈ ವಾದ ಪೂರ್ತಿ ಒಪ್ಪಿಗೆಯಿಲ್ಲ. 2022ರ ಸೆಪ್ಟೆಂಬರಿನಲ್ಲಿ ನಮ್ಮ ಭಾಗ ಮಳೆನೀರಿನಲ್ಲಿ ಮುಳುಗಿ ಜನರನ್ನು ಟ್ರ್ಯಾಕ್ಟರಿನಲ್ಲಿ, ದೋಣಿಯಲ್ಲಿ ಸಾಗಿಸಬೇಕಾಯಿತು. ನೀರಿಗೆ ಕ್ರಯಪತ್ರ ಓದಲು ಬರುವುದಿಲ್ಲ. ಬಡವರ ಮನೆ ಎಂಬ ಕಾರಣಕ್ಕೆ ಕಾಲುವೆಯನ್ನು ಬಿಟ್ಟುಕೊಟ್ಟರೆ ಅದೇ ನೆಪದಲ್ಲಿ ದೊಡ್ಡವರೂ ಉಳಿದುಕೊಳ್ಳುತ್ತಾರೆ, ಮುಂದಿನ ಮಳೆಗೆ ಮೊದಲು ಮುಳುಗುವುದೂ ಆ ಬಡವರ ಮನೆಯೇ. ಪರ್ಯಾಯ ಮನೆಯನ್ನು ಮೊದಲು ಕೊಡಿ ಎಂದು ಕೇಳುವುದು ಸರಿ. ತೆರವೇ ಬೇಡವೆನ್ನುವುದು ಸರಿಯಲ್ಲ.

ಉತ್ತರ – ಬಿಡದಿ ಹೋಬಳಿಯ ರೈತ ಕುಟುಂಬದಿಂದ

ಇಲ್ಲಿಯವರೆಗಿನ ಚರ್ಚೆಯಲ್ಲಿ ನದಿ ಕೆಂಗೇರಿಗೇ ಮುಗಿದಂತಿದೆ. ಅದು ಮುಂದೆ ಹರಿದು ನಮ್ಮ ಬೈರಮಂಗಲ ಕೆರೆಗೆ ಬಂದು, ಅಲ್ಲಿಂದ ಕನಕಪುರದ ಕಡೆ ಅರ್ಕಾವತಿಯನ್ನು ಕೂಡಿ, ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. 2025ರಿಂದ ನಮ್ಮ ಜಿಲ್ಲೆಗೂ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿದ್ದಾರೆ. ಹೆಸರಿಗಿಂತ ಬಹಳ ಮೊದಲೇ ಬೆಂಗಳೂರಿನ ನೀರು ನಮ್ಮ ಹೊಲಕ್ಕೆ ಬಂದಿತ್ತು.

1940ರ ದಶಕದಲ್ಲಿ ಕಟ್ಟಿದ ಕೆರೆ ಅದು. ಅದರ ಅಚ್ಚುಕಟ್ಟಿನಲ್ಲಿ ಹಿಂದೆ ಭತ್ತ, ಕಬ್ಬು ಬೆಳೆಯುತ್ತಿದ್ದರು. ಈಗ ಕೋಡಿಯಲ್ಲಿ ನೊರೆ ಏಳುತ್ತದೆ, ಗದ್ದೆಗಿಳಿದವರ ಕಾಲು ತುರಿಸುತ್ತದೆ, ಕೊಳವೆಬಾವಿಯ ನೀರನ್ನೂ ಯಾರೂ ಕುಡಿಯುವುದಿಲ್ಲ. ಹಾಗೆಂದು ಬೇಸಾಯ ನಿಂತಿಲ್ಲ. ಸೀಮೆಹುಲ್ಲು, ಬೇಬಿಕಾರ್ನ್, ಹಿಪ್ಪುನೇರಳೆ ಬೆಳೆಯುತ್ತೇವೆ. ಹುಲ್ಲಿನಿಂದ ಹಸು, ಹಸುವಿನಿಂದ ಡೇರಿಯ ಬಟವಾಡೆ. ಸುತ್ತಲಿನ ಹೋಬಳಿಗಳಲ್ಲಿ ಬೇಸಿಗೆಗೆ ಮೇವು ಒಣಗಿದಾಗಲೂ ನಮ್ಮಲ್ಲಿ ಹಸಿರಿರುತ್ತದೆ, ಏಕೆಂದರೆ ಕೊಳಚೆ ಬತ್ತುವುದಿಲ್ಲ. ಈ ನೀರನ್ನು ಶಪಿಸುತ್ತಲೇ ಅದರ ಮೇಲೆ ಸಾಲ ಮಾಡಿ ಮೋಟಾರು ಕೂರಿಸಿದವರು ನಾವು.

ನಗರದ ಸಭೆಗಳಲ್ಲಿ ಈ ಮಾತು ಬರುವುದೇ ಇಲ್ಲ. ವೃಷಭಾವತಿಯಲ್ಲಿ ಇಂದು ಹರಿಯುವುದು ಬಸವನಗುಡಿಯ ಬಸವನ ಪಾದದ ಒರತೆಯಲ್ಲ. ಬೆಂಗಳೂರಿಗೆ ಕಾವೇರಿ ನೀರು 1974ರಲ್ಲಿ ಬಂತು, 2024ರ ಅಕ್ಟೋಬರಿನಲ್ಲಿ ಐದನೇ ಹಂತದ ದಿನಕ್ಕೆ 775 ದಶಲಕ್ಷ ಲೀಟರ್ ಸೇರಿತು. ಹೀಗೆ ಬಂದ ನೀರಿನ ಬಹುಪಾಲು ಬಳಕೆಯಾದ ಮೇಲೆ ಕಣಿವೆಗಳಿಗೆ ಇಳಿಯುತ್ತದೆ. ಹಾಗಾಗಿ ಸಂಸ್ಕರಿಸಿದ ನೀರು ಯಾರದು ಎಂಬುದೇ ಪುನಶ್ಚೇತನದ ಮುಖ್ಯ ರಾಜಕೀಯ ಪ್ರಶ್ನೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಕೋಲಾರಕ್ಕೆ ಹೋಗುತ್ತಿದೆ. ವೃಷಭಾವತಿ ಕಣಿವೆಯ ಸಂಸ್ಕರಿತ ನೀರನ್ನು ನೆಲಮಂಗಲ, ತುಮಕೂರು ಕಡೆಯ ಕೆರೆಗಳಿಗೆ ಎತ್ತಿ ಹರಿಸುವ ಯೋಜನೆ ಬಂದಿದೆ. ಆ ಕಡೆಯ ರೈತರಿಗೆ ನೀರು ಬೇಡವೆಂದು ನಾನು ಹೇಳಲಾರೆ. ಆದರೆ ಶುದ್ಧವಾದದ್ದು ಮೇಲಕ್ಕೆ ಹೋಗಿ, ಶುದ್ಧವಾಗದೆ ಉಳಿದದ್ದು ಮಾತ್ರ ಕೆಳಕ್ಕೆ ಬರುವುದಾದರೆ, ಅದನ್ನು ಯಾರ ನದಿಯ ಪುನಶ್ಚೇತನವೆಂದು ಕರೆಯೋಣ? ನಮ್ಮ ಕೆರೆಯನ್ನು ಸ್ವಚ್ಛಗೊಳಿಸುವ ಹೆಸರಿನಲ್ಲಿ ಕೊಳಚೆಯನ್ನು ಕೆರೆಗೆ ಬಿಡದೆ ಬದಿಗಾಲುವೆಯಲ್ಲಿ ಮುಂದಕ್ಕೆ ಸಾಗಿಸುವ ಕಾಮಗಾರಿ ಬಂದಾಗಲೂ, ಕೆಳಗಿನ ಊರುಗಳವರು ಇದನ್ನೇ ಕೇಳಿದ್ದರು.

ನಿಮ್ಮ ಕರಡಿನಲ್ಲಿ ಕೊಳಚೆ ಬೇರ್ಪಡಿಸುವುದು ಕೊನೆಯ ಬೇಡಿಕೆ. ಅದನ್ನು ಮೊದಲಿಗೆ ತನ್ನಿ, ಬೇರ್ಪಡಿಸಿದ ಮೇಲೆ ಆ ನೀರು ಎಲ್ಲಿಗೆ ಹೋಗಬೇಕು ಎಂಬುದನ್ನೂ ಬರೆಯಿರಿ.

ಉತ್ತರ – ಹೆಸರಘಟ್ಟದ ಕಡೆಯವರು

ಒಂದು ಪೂರಕ ಮಾತು. 1894ರಲ್ಲಿ ಬೆಂಗಳೂರಿಗೆ ನಲ್ಲಿ ನೀರು ಹೋದದ್ದು ನಮ್ಮ ಹೆಸರಘಟ್ಟದಿಂದ, ಅಂದರೆ ಅರ್ಕಾವತಿಯಿಂದ. ಆ ನದಿಯ ದಡದಲ್ಲಿ ಎತ್ತಂಗಡಿ ಮಾಡಬೇಕಾದ ಕೊಳೆಗೇರಿಗಳಿರಲಿಲ್ಲ. ಆದರೂ ಅದು ಬತ್ತಿತು. ಮಳೆ ಕಡಿಮೆಯಾದದ್ದು ಇದಕ್ಕೆ ಮುಖ್ಯ ಕಾರಣವಲ್ಲ, ಅಂತರ್ಜಲವನ್ನು ಮಿತಿಮೀರಿ ಎತ್ತಿದ್ದು ಮತ್ತು ನೀಲಗಿರಿ ತೋಪುಗಳು ಕಾರಣವೆಂದು ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ. ಸರ್ಕಾರವು 2017ರಲ್ಲಿ ನೀಲಗಿರಿ ನಾಟಿಯನ್ನು ನಿಷೇಧಿಸಿತು. ಆದರೆ ರೈತ ನೀಲಗಿರಿ ಹಾಕುವುದು ಮರದ ಮೇಲಿನ ಪ್ರೀತಿಯಿಂದಲ್ಲ. ಆಳು ಸಿಗುವುದಿಲ್ಲ, ಜಮೀನಿಗೆ ಬೆಲೆ ಬರುವವರೆಗೆ ಕಾಯಬೇಕು. ಭೂಮಿಯ ಬೆಲೆ ನಿರ್ಧರಿಸುವ ನಗರವನ್ನು ಬಿಟ್ಟು ದಡವನ್ನಷ್ಟೇ ಸರಿಪಡಿಸಿದರೆ ನದಿಗೆ ನೀರು ಎಲ್ಲಿಂದ ಬರಬೇಕು?

ಪ್ರಶ್ನಿಸಿದವರಿಂದ – ಮೈಸೂರು ರಸ್ತೆ ನಿವಾಸಿ

ಎಲ್ಲರಿಗೂ ವಂದನೆಗಳು. ಕರಡನ್ನು ತಿರುಗಿಸಿ ಬರೆಯುತ್ತಿದ್ದೇನೆ. ಮೇಲಿನ ಬಡಾವಣೆಗಳೂ ಸೇರಿದಂತೆ ಪ್ರತಿ ಮನೆಗೆ ಒಳಚರಂಡಿ ಸಂಪರ್ಕ, ಸಂಸ್ಕರಿತ ನೀರಿನಲ್ಲಿ ಬೈರಮಂಗಲಕ್ಕೆ ನಿಗದಿತ ಪಾಲು, ಸಮೀಪದಲ್ಲೇ ಪರ್ಯಾಯ ಮನೆ ಕೊಟ್ಟ ನಂತರವೇ ತೆರವು – ಈ ಮೂರು ಮೊದಲು ಬರುತ್ತವೆ. ನಡಿಗೆ ಪಥ ಸದ್ಯಕ್ಕೆ ಕೈಬಿಟ್ಟಿದೆ, ಅದಕ್ಕೆ ಸಂಘದಲ್ಲಿ ಈಗಾಗಲೇ ಮುನಿಸು ಶುರುವಾಗಿದೆ. ಪಾಲಿಕೆಯ ಚುನಾಯಿತ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ನಂತರ ವರ್ಷಗಟ್ಟಲೆ ಚುನಾವಣೆ ನಡೆಯದೆ, ಕಣಿವೆಯವರು ಮನೆ ಬಾಗಿಲಿಗೆ ಹೋಗಿ ಕೇಳಬಹುದಾಗಿದ್ದ ಕಾರ್ಪೊರೇಟರ್ ಕೂಡ ಇಲ್ಲವಾದರು. ನಮ್ಮಂಥವರಿಗಾದರೆ ಇ-ಮೇಲ್ ಇದೆ, ಅಧಿಕಾರಿಗಳ ಪರಿಚಯವಿದೆ. ಆದ್ದರಿಂದ ಮುಂದಿನ ಸಭೆಯನ್ನು ಕೆಳಗಿನ ಬೀದಿಯಲ್ಲೇ, ಅವರು ಕೆಲಸದಿಂದ ಬಂದ ಮೇಲೆ ಕರೆಯಲಿದ್ದೇವೆ. ಗೆರೆ ಎಲ್ಲಿದೆ ಎಂಬುದನ್ನು ಸಭೆಗೆ ಮೊದಲೇ ತಿಳಿಯಲು ನಾವೇನು ಮಾಡಬೇಕು?

ಉತ್ತರ – ನಿವೃತ್ತ ಭೂಮಾಪಕ

ಗ್ರಾಮ ನಕ್ಷೆಯ ಪ್ರತಿಗಾಗಿ ಭೂಮಾಪನ ಇಲಾಖೆಗೆ ಅರ್ಜಿ ಹಾಕಿ. ಬಡಾವಣೆಯ ಹೆಸರು ಬರೆದರೆ ಪ್ರಯೋಜನವಿಲ್ಲ, ಮೂಲ ಗ್ರಾಮದ ಹೆಸರು ಮತ್ತು ಸರ್ವೆ ನಂಬರು ಬೇಕು. ಅವು ಯಾರಾದರೊಬ್ಬರ ಕ್ರಯಪತ್ರದ ಷೆಡ್ಯೂಲಿನಲ್ಲಿ ಸಿಗುತ್ತವೆ. ಕೆಳಗಿನ ಬೀದಿಯ ನಂಬರುಗಳನ್ನಷ್ಟೇ ಕೇಳಬೇಡಿ, ನಿಮ್ಮ ಅಡ್ಡರಸ್ತೆಗಳ ನಂಬರುಗಳನ್ನೂ ಸೇರಿಸಿ. ಮುಖ್ಯ ಕಾಲುವೆಗೆ ಮೇಲಿನಿಂದ ಇಳಿಯುತ್ತಿದ್ದ ತೃತೀಯ ಕಾಲುವೆಗಳು ಬಹುತೇಕ ಅಂತಹ ರಸ್ತೆಗಳ ಅಡಿಯಲ್ಲೇ ಇರುತ್ತವೆ. ನಕ್ಷೆಯನ್ನು ದೊಡ್ಡದಾಗಿ ಮುದ್ರಿಸಿ ಸಭೆಯಲ್ಲಿ ಗೋಡೆಗೆ ಅಂಟಿಸಿ, ಇಬ್ಬರ ಮನೆಗಳನ್ನೂ ಒಂದೇ ಹಾಳೆಯ ಮೇಲೆ ಗುರುತಿಸಿ.