ಆಪರೇಷನ್ ಆಗಿ ನಾಯಿ ಸತ್ತು 14 ತಿಂಗಳು, ಈಗ ಕೇಸ್ ಹಾಕಬಹುದಾ?

ಪ್ರಶ್ನೆ: ನಮ್ಮ ಐದು ವರ್ಷದ ಲ್ಯಾಬ್ರಡಾರ್, ಗರ್ಭಕೋಶದ ಆಪರೇಷನ್ ಆದ ಮೂರನೇ ದಿನ ಹೋಯ್ತು. ಒಳಗೆ ರಕ್ತ ಸೋರಿದೆ ಅಂತ ಬೇರೆ ಡಾಕ್ಟರು ಬಾಯಲ್ಲಿ ಹೇಳಿದ್ರು, ಬರೆದುಕೊಡಲಿಲ್ಲ. ಪೋಸ್ಟ್‌ಮಾರ್ಟಂ ಮಾಡಿಸಿಲ್ಲ. ಅನುಭವ ಇರೋರು ದಯವಿಟ್ಟು ಹೇಳಿ.

ಮೈಸೂರಿನಿಂದ: ಹಾಕಬಹುದು. ಗ್ರಾಹಕರ ಆಯೋಗಕ್ಕೆ ದೂರು ಕೊಡೋಕೆ ಎರಡು ವರ್ಷ ಟೈಮಿದೆ, 2019ರ ಗ್ರಾಹಕ ರಕ್ಷಣಾ ಕಾಯ್ದೆಯ 69ನೇ ಸೆಕ್ಷನ್. ನಿಮಗಿನ್ನೂ ಹತ್ತು ತಿಂಗಳಿದೆ. ಆದ್ರೆ ನೋಟಿಸ್ ಕಳಿಸಿ ಉತ್ತರ ಕಾಯ್ತಾ ಕೂತ್ರೆ ದಿನ ನಿಲ್ಲಲ್ಲ. ನಮ್ಮ ಬೆಕ್ಕಿನ ವಿಷಯದಲ್ಲಿ "ಮಾತಾಡೋಣ ಮೇಡಂ" ಅನ್ನೋದನ್ನ ನಂಬಿ ನಾನು ಏಳು ತಿಂಗಳು ಕಳೆದೆ. ಎರಡು ವರ್ಷ ದಾಟಿದ್ರೆ ತಡ ಯಾಕಾಯ್ತು ಅಂತ ಬೇರೆ ಅರ್ಜಿ ಹಾಕ್ಬೇಕು, ಒಪ್ಪೋದು ಬಿಡೋದು ಅವರಿಷ್ಟ.

ನೀವು ಕೊಟ್ಟ ಫೀಸು ಐದು ಲಕ್ಷದೊಳಗಿದ್ರೆ ದೂರಿಗೆ ಶುಲ್ಕ ಇಲ್ಲ. ನೀವಿರೋ ಜಿಲ್ಲೆಯಲ್ಲೇ ಹಾಕಬಹುದು, ವಕೀಲರು ಇರಲೇಬೇಕು ಅಂತಿಲ್ಲ. ನನ್ನ ಕೈ ಹಿಡಿದದ್ದು ಎರಡು ಚೀಟಿ. ಬಿಲ್ಲಿನಲ್ಲಿ ಬೆಕ್ಕಿನ ತೂಕ 4.6 ಕೆಜಿ, ಅರಿವಳಿಕೆ ಬರೆದ ಹಾಳೆಯಲ್ಲಿ 6.4! ಮದ್ದು ಎಷ್ಟು ಅನ್ನೋದು ತೂಕ ನೋಡಿಯೇ ಅಲ್ವಾ. ಅದನ್ನ ಮುಂದಿಟ್ಟ ಮೇಲೆ ಬಿಲ್ಲಿನ ದುಡ್ಡು, ಓಡಾಟದ ಖರ್ಚು ಕೊಟ್ಟು ರಾಜಿಗೆ ಬಂದ್ರು. ಕ್ಷಮೆ ಮಾತ್ರ ಕೇಳಲಿಲ್ಲ.

ಮಂಡ್ಯದ ಕಡೆಯಿಂದ: ನಮ್ದು ಹಸು. ಕರು ಹಾಕಿದ ಎರಡನೇ ದಿನ ಹಾಲುಜ್ವರ ಬಂದು ಮಲಗಿಬಿಡ್ತು. ಊರಲ್ಲಿ ಎಲ್ಲಾರೂ "ಡಾಕ್ಟ್ರೇ" ಅಂತ ಕರೆಯೋ ಒಬ್ಬ ಬಂದು ಕ್ಯಾಲ್ಸಿಯಂ ಬಾಟ್ಲಿನ ನರಕ್ಕೆ ಸರಸರ ಇಳಿಸ್ದ. ನಿಧಾನಕ್ಕೆ ಬಿಡ್ಬೇಕು, ಇಲ್ಲಾಂದ್ರೆ ಹೃದಯ ನಿಂತೋಗುತ್ತೆ ಅಂತ ಆಮೇಲೆ ಗೊತ್ತಾಯ್ತು. ಸೂಜಿ ತೆಗೆಯೋ ಮೊದ್ಲೇ ಹಸು ಕಾಲು ಚಾಚ್ತು. ವಿಚಾರಿಸಿದ್ರೆ ಅವನ ಹೆಸರು ಪಶುವೈದ್ಯ ಪರಿಷತ್ತಿನ ನೋಂದಣೀಲೇ ಇಲ್ಲ. ಮೊದ್ಲು ಅದನ್ನ ನೋಡಿ ಸ್ವಾಮಿ. ಖಾಲಿ ಬಾಟ್ಲಿನೂ ಎಸೀಬೇಡಿ. ಇನ್ನೊಂದು, ಎಲ್ಲರಿಗೂ ಪುಕ್ಕಟೆ ನೋಡೋ ಸರ್ಕಾರಿ ಆಸ್ಪತ್ರೆ ಮೇಲೆ ಗ್ರಾಹಕರ ದೂರು ನಿಲ್ಲೋದು ಕಷ್ಟ.

ಬೆಂಗಳೂರಿನಿಂದ, ವಕೀಲಿ ಕೆಲಸದವನು: ಮೇಲಿನವರು ಹೇಳಿದ್ದು ಸರಿ. ಸಿವಿಲ್ ದಾವೆಗೆ ಸಾಮಾನ್ಯವಾಗಿ ಮೂರು ವರ್ಷ, ಆದರೆ ಕೋರ್ಟ್ ಫೀ ಕಟ್ಟಬೇಕು, ಎಳೆದಾಟವೂ ಜಾಸ್ತಿ. ಸರ್ಕಾರದ ಮೇಲಾದರೆ ಎರಡು ತಿಂಗಳ ನೋಟಿಸ್ ಮೊದಲು. ರಾಜ್ಯ ಪಶುವೈದ್ಯ ಪರಿಷತ್ತಿಗೆ ದೂರು ಕೊಟ್ಟರೆ ಡಾಕ್ಟರ ನಡವಳಿಕೆಯ ವಿಚಾರಣೆ ಕೇಳಬಹುದು, ಪರಿಹಾರದ ಹಣಕ್ಕೆ ಅದು ದಾರಿಯಲ್ಲ. ಪೊಲೀಸ್ ಸ್ಟೇಷನ್ನಿಗೆ ಓಡಬೇಡಿ. ಪ್ರಾಣಿ ಕೊಂದ ಅಪರಾಧಕ್ಕೆ, ಅಂದರೆ ಭಾರತೀಯ ನ್ಯಾಯ ಸಂಹಿತೆಯ (ಐಪಿಸಿ ಜಾಗಕ್ಕೆ ಬಂದ ಕಾನೂನು) 325ನೇ ಸೆಕ್ಷನ್ನಿಗೆ, ಹಾನಿ ಮಾಡುವ ಉದ್ದೇಶ ಅಥವಾ ಅರಿವು ಬೇಕು. ಅಜಾಗರೂಕತೆ ಅಲ್ಲಿ ಸಾಲದು.

ನಿಮ್ಮ ಕೇಸಿನ ತೊಡಕು ಕಾಲಮಿತಿಯಲ್ಲ, ಸಾಕ್ಷಿ. ಕೇಸ್ ಶೀಟ್, ಅರಿವಳಿಕೆ ದಾಖಲೆಯ ಪ್ರತಿ ಬೇಕೆಂದು ಬರೆದು ಕೇಳಿ. ಆ ಇನ್ನೊಬ್ಬ ಡಾಕ್ಟರಿಂದ ನಾಲ್ಕು ಸಾಲಾದರೂ ಬರೆಸಿಕೊಳ್ಳಿ. ಓದುವ ಇತರರಿಗೆ: ಅನುಮಾನ ಬಂದರೆ ಅವತ್ತೇ ಪೋಸ್ಟ್‌ಮಾರ್ಟಂ ಮಾಡಿಸಿ, ನಮ್ಮಲ್ಲಿ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ವಿಚಾರಿಸಿ. ಅಲ್ಲಿಯವರೆಗೆ ಸುತ್ತ ಐಸ್ ಇಡಿ, ಫ್ರೀಜರ್ ಬೇಡ. ಹೆಪ್ಪುಗಟ್ಟಿದರೆ ಒಳಗಿನ ಅಂಗಾಂಶ ಹಾಳಾಗುತ್ತದೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಕೇಸ್ ಶೀಟ್ ಕೇಳಿ ಸ್ಪೀಡ್ ಪೋಸ್ಟ್ ಹಾಕಿದೆ. ಬಿಲ್ಲು ಅವಳ ಬೆಲ್ಟು ಇಟ್ಟ ಡಬ್ಬದಲ್ಲೇ ಸಿಕ್ತು. ತೂಕ ಅಂತ ಇರೋ ಜಾಗ ಖಾಲಿ.